ಮನೆಯಲ್ಲೇ ಕ್ಯಾನ್ವಾಸ್ ರ್‍ಯಾಪ್: ಪ್ರಿಂಟ್ ಹೊರಗೆ ಹಾಕಿಸಿ, ಎಳೆದು ಕಟ್ಟೋದು ನೀವೇ ಮಾಡಿ

ಜಯನಗರದ ಬಾಡಿಗೆ ಮನೆ, ಹಾಲ್ ಗೋಡೆಗೆ ನಾಲ್ಕೈದು ಫೋಟೋ ಕ್ಯಾನ್ವಾಸ್ ಮೇಲೆ ಬೇಕು, ಪ್ರಿಂಟರ್ ಕೊಂಡು ಎಲ್ಲಾ ಮನೆಯಲ್ಲೇ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ನಾಲ್ಕೈದು ಫೋಟೋಗೋಸ್ಕರ ಪ್ರಿಂಟರ್ ಕೊಳ್ಳಬೇಡಿ. ಕ್ಯಾನ್ವಾಸ್ ರ್‍ಯಾಪ್ ಅಂದರೆ ಫೋಟೋ ಪ್ರಿಂಟ್ ಆದ ಬಟ್ಟೆಯನ್ನು ಮರದ ಫ್ರೇಮಿನ ಮೇಲೆ ಎಳೆದು, ಅಂಚನ್ನು ಹಿಂದಕ್ಕೆ ಮಡಿಚಿ ಕಟ್ಟುವುದು. ಎ3 ಪ್ಲಸ್ ಪ್ರಿಂಟರಿಗೆ ಹಿಡಿಸುವುದು 13 × 19 ಇಂಚಿನ ಹಾಳೆ. ಅಂಚು ಮಡಿಚಲು ಸುತ್ತ ಜಾಗ ಬಿಟ್ಟರೆ ಎದುರಿಗೆ ಕಾಣುವ ಚಿತ್ರ ಬರೀ 8 × 14ರಷ್ಟು ಉಳಿಯುತ್ತದೆ. ಜೊತೆಗೆ ವಾರಗಟ್ಟಲೆ ಸುಮ್ನೆ ಬಿಟ್ಟರೆ ಇಂಕ್ ಚಿಮ್ಮುವ ಹೆಡ್‌ನಲ್ಲಿ ಇಂಕ್ ಒಣಗಿ ಕಟ್ಟಿಕೊಳ್ಳುತ್ತದೆ. ಪ್ರಿಂಟನ್ನು ಒಳ್ಳೆಯ ಲ್ಯಾಬಿನಲ್ಲಿ ಹಾಕಿಸಿ. ಎಳೆದು ಕಟ್ಟುವ ಕೆಲಸ ಮಾತ್ರ ಖಂಡಿತ ನೀವೇ ಮಾಡಿ. ಕೈಗೆ ಖುಷಿ ಕೊಡುವುದೂ ಅದೇ, ದುಡ್ಡು ಉಳಿಯುವುದೂ ಅಲ್ಲೇ.

ಲ್ಯಾಬಿನವರಿಗೆ ಪಿಗ್ಮೆಂಟ್ ಇಂಕ್, ಮ್ಯಾಟ್ ಕ್ಯಾನ್ವಾಸ್, 340ರಿಂದ 400 ಜಿಎಸ್‌ಎಂ (ಚದರ ಮೀಟರ್ ಬಟ್ಟೆಗೆ ಇಷ್ಟು ಗ್ರಾಂ ತೂಕ) ಅಂತ ಹೇಳಿ. ಸಾದಾ ಡೈ ಇಂಕ್ ಬೆಳಕಿಗೆ ಬೇಗ ಮಾಸುತ್ತದೆ. ಪ್ರಿಂಟನ್ನು ರೋಲ್ ಮಾಡಿಯೇ ಕೊಡಲಿ, ಮಡಿಚಿದರೆ ಗೆರೆ ಹೋಗುವುದಿಲ್ಲ. ಫೈಲು ವಾಟ್ಸಾಪಲ್ಲಿ ಫೋಟೋ ಆಗಿ ಬಂದದ್ದು ಬೇಡ, ಒರಿಜಿನಲ್ಲೇ ಕೊಡಿ. ಇಂಚಿಗೆ 200 ಪಿಕ್ಸೆಲ್ ಇದ್ದರೆ ಕ್ಯಾನ್ವಾಸಿಗೆ ಸಾಕು. 12 ಮೆಗಾಪಿಕ್ಸೆಲ್ ಫೋನಿನ ಫೋಟೋ 12 × 16 ಇಂಚಿಗೆ ಏನೂ ಕತ್ತರಿಸದೆ ಕೂರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಯೋಚನೆ ಬೇಕಾಗಿರುವುದು ಅಂಚಿನ ಬಗ್ಗೆ. ಒಂದೂವರೆ ಇಂಚು ದಪ್ಪದ ಫ್ರೇಮ್ ಆದರೆ ಪಕ್ಕಕ್ಕೆ ಒಂದೂವರೆ, ಹಿಂದೆ ಸ್ಟೇಪಲ್ ಪಿನ್ ಹೊಡೆಯಲು ಮುಕ್ಕಾಲು, ಒಟ್ಟು ಎರಡೂಕಾಲು ಇಂಚು ನಾಲ್ಕೂ ಕಡೆ ಬೇಕು. ಅಂದರೆ 12 × 16ರ ಚಿತ್ರಕ್ಕೆ ಬಟ್ಟೆ 16.5 × 20.5 ಇಂಚು ಇರಬೇಕು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ತೆಗೆದ ಒಂದು ರಾಶಿಯ ಫೋಟೋ ನನ್ನ ಹತ್ತಿರ ಇದೆ. ಕಾಯಿ ನಾಲ್ಕೂ ಅಂಚಿನ ಆಚೆಗೂ ಹರಡಿರುವುದರಿಂದ ಎಷ್ಟು ಮಡಿಚಿದರೂ ಚಿತ್ರ ಕೆಡುವುದಿಲ್ಲ. ಆದರೆ ಬಾಗಿಲಲ್ಲಿ ನಿಂತ ಅಜ್ಜಿಯ ಮೊಣಕೈ ಅಂಚಿಗೆ ತಾಗಿದ್ದರೆ ಅದು ಪಕ್ಕಕ್ಕೆ ಹೊರಳಿಬಿಡುತ್ತದೆ. ಅಂಥ ಫೋಟೋಗೆ ಮಿರರ್ ಎಡ್ಜ್ ಕೇಳಿ: ಅಂಚಿನ ಪಟ್ಟಿಯನ್ನೇ ತಿರುಗಿಸಿ ಪಕ್ಕಕ್ಕೆ ಪ್ರಿಂಟ್ ಮಾಡುತ್ತಾರೆ, ಎದುರಿನ ಚಿತ್ರ ಪೂರ್ತಿ ಉಳಿಯುತ್ತದೆ.

ಪ್ರಿಂಟ್ ಕನಿಷ್ಠ 24 ಗಂಟೆ ಒಣಗಲಿ, ಮಳೆಗಾಲದಲ್ಲಿ ಇನ್ನೂ ಒಂದು ದಿನ ಬಿಡಿ. ಆಮೇಲೆ ನೀರಿನ ಅಕ್ರಿಲಿಕ್ ವಾರ್ನಿಶ್ ಅನ್ನು ಫೋಮ್ ರೋಲರಿನಲ್ಲಿ ತೆಳುವಾಗಿ ಎರಡು ಕೋಟ್ ಹಚ್ಚಿ. ಕಟ್ಟುವ ಮೊದಲೇ ಹಚ್ಚಬೇಕು. ಇಲ್ಲದಿದ್ದರೆ ಮಡಿಕೆಯಲ್ಲಿ ಇಂಕಿನ ಪದರ ಬಿರಿದು ಬಿಳಿ ಗೆರೆ ಕಾಣುತ್ತದೆ.

ಫ್ರೇಮಿನ ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋಗಿ. ಚೆನ್ನಾಗಿ ಒಣಗಿದ, ನೇರವಾದ ಪೈನ್ ಪಟ್ಟಿ ಆರಿಸಿ. ಪಟ್ಟಿಯ ಮುಖ ಒಳಗಡೆಗೆ ಇಳಿಜಾರಾಗಿರಲಿ, ಬಟ್ಟೆ ಹೊರ ಅಂಚಿಗೆ ಮಾತ್ರ ತಾಗಬೇಕು. ಚಪ್ಪಟೆ ಪಟ್ಟಿ ಹಾಕಿದರೆ ಕೆಲವು ತಿಂಗಳಲ್ಲಿ ಅದರ ಗೆರೆ ಚಿತ್ರದ ಮೇಲೆ ಮೂಡುತ್ತದೆ. ಜೋಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಅಳೆಯಿರಿ. 12 × 16ಕ್ಕೆ ಎರಡೂ ಕಡೆ ಸರಿಯಾಗಿ 20 ಇಂಚು ಬರಬೇಕು.

ಈಗ ಕಟ್ಟುವುದು. ಸ್ವಚ್ಛವಾದ ಬೆಡ್‌ಶೀಟ್ ಮೇಲೆ ಪ್ರಿಂಟನ್ನು ಮುಖ ಕೆಳಗೆ ಮಾಡಿ ಹಾಸಿ, ಫ್ರೇಮ್ ಇಡಿ. ನೇಯ್ಗೆಯ ಎಳೆ ಪಟ್ಟಿಗೆ ಸಮವಾಗಿರಲಿ. ಉದ್ದದ ಬದಿಯ ನಡುವೆ ಒಂದು 8 ಮಿಮೀ ಪಿನ್ ಹೊಡೆದು, ಎದುರು ಬದಿಯ ನಡುವೆ ಎಳೆದು ಇನ್ನೊಂದು ಹೊಡೆಯಿರಿ. ಹಾಗೇ ಅಗಲದ ಎರಡು ಬದಿಗೂ. ತಿರುಗಿಸಿ ನೋಡಿದರೆ ವಜ್ರದ ಆಕಾರದ ಸುಕ್ಕು ಕಾಣುತ್ತದೆ. ಗಾಬರಿ ಬೇಡ, ಹಾಗೇ ಬರಬೇಕು. ನಡುವಿನಿಂದ ಮೂಲೆಗಳ ಕಡೆಗೆ, ಒಂದು ಬದಿ ಮುಗಿಸಿಬಿಡದೆ ಎದುರುಬದುರು ಹೊಡೆಯುತ್ತಾ ಹೋದಂತೆ ಆ ಸುಕ್ಕು ತಾನಾಗೇ ಮೂಲೆಗೆ ಸರಿಯುತ್ತದೆ. ಕ್ಯಾನ್ವಾಸ್ ಪ್ಲೈಯರ್ (ಬಟ್ಟೆ ಹಿಡಿದು ಎಳೆಯುವ ಅಗಲ ಬಾಯಿಯ ಇಕ್ಕಳ) ಇದ್ದರೆ ಎಳೆತ ಒಂದೇ ಸಮ ಬರುತ್ತದೆ. ಬೆರಳಲ್ಲಿ ತಟ್ಟಿದಾಗ ತಮಟೆಯ ಹಾಗೆ ಸದ್ದು ಬಂದರೆ ಸಾಕು. ಪೇಂಟಿಂಗ್ ಮಾಡುವವರು ಖಾಲಿ ಬಟ್ಟೆಯನ್ನು ಎಳೆಯುವಷ್ಟು ಜೋರಾಗಿ ಇದನ್ನು ಎಳೆಯಬೇಡಿ.

ಮೂಲೆಯ ಎರಡು ಇಂಚು ಕೊನೆಗೆ. ಜಾಸ್ತಿ ಬಟ್ಟೆಯನ್ನು ಒಳಗೆ ತುರುಕಿ, ಮಡಿಕೆಯ ಗೆರೆ ಫ್ರೇಮಿನ ಮೇಲ್ಬದಿ, ಕೆಳಬದಿಗೆ ಬರುವ ಹಾಗೆ ಮಡಿಚಿ. ಹಾಲಿನಲ್ಲಿ ಓಡಾಡುವವರಿಗೆ ಕಾಣುವುದು ಎಡ-ಬಲ ಬದಿ, ಅಲ್ವಾ? ಅವು ನುಣುಪಾಗಿರಲಿ.

ಫ್ರೇಮ್ ಮೂಲೆಗೆ ಬೆಣೆ ಹಾಕುವಂಥದ್ದೇ ಇರಲಿ. ಮಳೆಗಾಲದಲ್ಲಿ ಬಟ್ಟೆ ಸಡಿಲವಾದರೆ ಪಿನ್ ಕೀಳಬೇಕಿಲ್ಲ, ಹಿಂದಿನಿಂದ ಬೆಣೆಗಳನ್ನು ಮೆಲ್ಲಗೆ ತಟ್ಟಿದರೆ ಬಿಗಿಯಾಗುತ್ತದೆ. ಪಡುವಣ ಕಿಟಕಿಯ ಬಿಸಿಲು ನೇರವಾಗಿ ಬೀಳುವ ಗೋಡೆ, ಮಳೆಗೆ ಥಂಡಿ ಹಿಡಿಯುವ ಹೊರಗೋಡೆ ಎರಡೂ ಬೇಡ. 12 × 16 ಹಗುರ ಇರುತ್ತದೆ, ಒಂದು ಮೊಳೆ ಸಾಕು. ಮನೆ ಓನರ್ ಕೂಡ ಒಪ್ಪಿಕೊಳ್ಳುತ್ತಾರೆ.