ಬೇಳೆ, ಮೊಟ್ಟೆ ತಿಂದರೆ ಹೊಲಿಗೆ ಕೀವಾಗುತ್ತಾ?

ಪ್ರಶ್ನೆ: ನಮ್ಮ ಅಪ್ಪನಿಗೆ 61 ವರ್ಷ, ತೂಕ 52 ಕೆಜಿ. ಕರುಳು ತಿರುಚಿಕೊಂಡು ಆಪರೇಷನ್ ಆಯಿತು, ಸ್ವಲ್ಪ ಕರುಳು ಕತ್ತರಿಸಿ ಜೋಡಿಸಿದ್ದಾರೆ. ಇವತ್ತಿಗೆ ಹದಿನಾರು ದಿನ. ಹೊಲಿಗೆ ಬಿಚ್ಚಿದ ಮೇಲೆ ಹೊಕ್ಕುಳ ಕೆಳಗೆ ಒಂದಿಂಚು ಗಾಯ ಬಾಯಿ ಬಿಟ್ಟಿದೆ, ದಿನಾ ಡ್ರೆಸ್ಸಿಂಗ್ ಮಾಡಿಸುತ್ತಿದ್ದೇವೆ. ಮೆತ್ತಗಿರುವುದನ್ನೆಲ್ಲ ತಿನ್ನಬಹುದು ಅಂದರು ಡಾಕ್ಟರ್. ಅಜ್ಜಿ ಮಾತ್ರ ಬೇಳೆ, ಮೊಟ್ಟೆ, ಮೊಸರು ನಂಜು ಅಂತ ಮೂರು ಹೊತ್ತೂ ಅಕ್ಕಿ ಗಂಜಿ, ತಿಳಿಸಾರು ಕೊಡುತ್ತಿದ್ದಾರೆ. ಏನು ಮಾಡಲಿ?
– ಓದುಗರು, ತಿಪಟೂರು

ಉತ್ತರ: ನಾನು ಸರ್ಜರಿ ವಾರ್ಡಿನ ಡಯಟಿಷಿಯನ್. ಬೆಳಗ್ಗೆ ರೌಂಡ್ಸ್‌ಗೆ ಹೋದಾಗ ಮೊದಲು ಮನೆಯಿಂದ ಬಂದ ಕ್ಯಾರಿಯರ್‌ನ ಮುಚ್ಚಳ ತೆಗೆದು ನೋಡುತ್ತೇನೆ. ಹೆಚ್ಚಿನವರದ್ದು ಇದೇ ಗಂಜಿ. ನೋಡಿದರೆ ಸಂಕಟವಾಗುತ್ತದೆ.

ಕೀವು ಆಗುವುದು ಬ್ಯಾಕ್ಟೀರಿಯಾದಿಂದ, ತೊಗರಿಬೇಳೆಯಿಂದಲ್ಲ. ಹೊಲಿಗೆ ದಾರ ಗಾಯದ ಎರಡು ಅಂಚನ್ನು ಹಿಡಿದುಕೊಂಡಿರುತ್ತದೆ, ಅಷ್ಟೆ. ನಡುವೆ ಹೊಸ ಮಾಂಸ ಕಟ್ಟಬೇಕಾದ್ದು ದೇಹ. ಅದಕ್ಕೆ ಪ್ರೋಟೀನ್ ಬೇಕು. ಊಟದಲ್ಲಿ ಸಿಗದಿದ್ದರೆ ತೊಡೆ, ತೋಳಿನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಅಪ್ಪನ ತೊಡೆ ಸೊರಗಿದೆ, ಅಲ್ವಾ? ಒಳಗೆ ಕರುಳು ಜೋಡಿಸಿದ ಜಾಗವೂ ಹೀಗೇ ಕೂಡಬೇಕು.

ಈಗ ಲೆಕ್ಕ ನೋಡಿ. ಆಪರೇಷನ್ ಆದವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಪ್ಪನಿಗೆ 60 ಗ್ರಾಂಗಿಂತ ಕಡಿಮೆಯಾಗಬಾರದು. ಮೂರು ಹೊತ್ತಿನ ಗಂಜಿಗೆ 150 ಗ್ರಾಂ ಅಕ್ಕಿ ಹಾಕಿದರೂ ಸಿಗುವುದು 12 ಗ್ರಾಂ ಒಳಗೇ. (ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇರೆ, ಡಾಕ್ಟರನ್ನು ಕೇಳಿಯೇ ಕೊಡಿ.)

ಅಜ್ಜಿಯ ಜೊತೆ ಜಗಳ ಬೇಡ. ಗಂಜಿ ಅವರೇ ಮಾಡಲಿ, ಅದಕ್ಕೆ ಪ್ರತಿ ಸಲ ಒಂದು ಹಿಡಿ ಹೆಸರುಬೇಳೆ ಹಾಕಿ ನುಣ್ಣಗೆ ಬೇಯಿಸಲಿ. ಜೊತೆಗೆ ಬೇಯಿಸಿದ ಎರಡು ಮೊಟ್ಟೆ, ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು. ಇಷ್ಟಾದರೆ 60 ಗ್ರಾಂ ಹತ್ತಿರ ಬರುತ್ತದೆ. ಹಾಲಿಗೆ ಭೇದಿಯಾದರೆ ಅದರ ಬದಲು ಮೊಸರೇ ಜಾಸ್ತಿ ಕೊಡಿ. ಮೀನು ತಿನ್ನುವವರಾದರೆ ಮುಳ್ಳು ಬಿಡಿಸಿದ ಮೆತ್ತನೆಯ ತುಂಡು ಬಹಳ ಒಳ್ಳೆಯದು. ಒಂದೇ ಸಲಕ್ಕೆ ತಿನ್ನಲಾಗದು, ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ಹೊಸ ಮಾಂಸ ಗಟ್ಟಿಯಾಗಲು ವಿಟಮಿನ್ ಸಿ ಕೂಡ ಬೇಕು. ಮೂಸಂಬಿ ರಸ ಕೊಡಿ, ಸಾರು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಹುರುಳಿ, ಮೊಳಕೆಕಾಳು, ಹಸಿ ತರಕಾರಿ ಮಾತ್ರ ಡಾಕ್ಟರ್ ಹೇಳುವವರೆಗೆ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಅದು ಹಿಡಿತದಲ್ಲಿರಬೇಕು, ಇಲ್ಲದಿದ್ದರೆ ಎಷ್ಟು ತಿಂದರೂ ಗಾಯ ಬೇಗ ಕೂಡುವುದಿಲ್ಲ. ಬೀಡಿ, ಸಿಗರೇಟು ಮುಟ್ಟಲೇಬಾರದು.

ಜ್ವರ, ವಾಂತಿ, ಹೊಟ್ಟೆ ಉಬ್ಬರ ಬಂದರೆ, ಗಾಯದಿಂದ ಕೀವು ಅಥವಾ ಮಲದ ಬಣ್ಣದ ನೀರು ಬಂದರೆ, ಡ್ರೆಸ್ಸಿಂಗ್ ಇದ್ದಕ್ಕಿದ್ದಂತೆ ತೊಯ್ದುಹೋದರೆ ಆಗಲೇ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ಪ್ರತಿ ಸೋಮವಾರ ತೂಕ ನೋಡಿ ಬರೆದಿಡಿ. 52ರಿಂದ ಇಳಿಯುತ್ತಿದ್ದರೆ ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ.