ನಡುವೆ ಮೀಟರ್ ಬದಲಾದರೆ ಬಿಲ್ ಏನಾಗಬೇಕು?

ಪ್ರಶ್ನೆ: ಮೇಡಂ, ನಾನು ಒಂದು ಕಾಲೇಜಿನ ಸರ್ವರ್ ರೂಮ್ ನೋಡಿಕೊಳ್ಳುತ್ತೇನೆ. ಒಂದೇ ಸರ್ವರನ್ನು ಹಲವು ಕಂಪ್ಯೂಟರ್‌ಗಳಂತೆ (ವರ್ಚುವಲ್ ಮಷೀನ್) ಓಡಿಸುವ ಕೆವಿಎಂ ಸಾಫ್ಟ್‌ವೇರ್ ಹಾಕಿರುವ ಎರಡು ಸರ್ವರ್‌ಗಳಲ್ಲಿ ನಾಲ್ಕು ವಿಭಾಗಗಳ ವರ್ಚುವಲ್ ಮಷೀನ್‌ಗಳಿವೆ. ಖರ್ಚನ್ನು ಬಳಕೆಗೆ ತಕ್ಕಂತೆ ಹಂಚಲು ಪ್ರಿನ್ಸಿಪಾಲರು ಹೇಳಿದ್ದಾರೆ. ತಿಂಗಳ ಮೊದಲ ದಿನ ಮತ್ತು ಕೊನೆಯ ದಿನ, ಮಷೀನ್‌ಗಳ ಬಳಕೆಯ ಅಂಕಿ ತೋರಿಸುವ ಕಮಾಂಡ್ 'ವರ್ಶ್ ಡಾಮ್‌ಸ್ಟ್ಯಾಟ್ಸ್' ಓಡಿಸಿ, ಪ್ರೊಸೆಸರ್ ದುಡಿದ ಸಮಯವಾದ ಸಿಪಿಯು ಟೈಮ್‌ನ ವ್ಯತ್ಯಾಸ ತೆಗೆದೆ. ಒಂದು ವಿಭಾಗಕ್ಕೆ ಮೈನಸ್ ಬಂತು! ಎಲ್ಲಿ ತಪ್ಪಿದೆ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನೀವು ಕಳೆದದ್ದು ಸರಿಯಾಗಿಯೇ ಇದೆ, ನಡುವೆ ಮೀಟರ್ ಬದಲಾಗಿದೆ. ಮನೆಗೆ ಹೊಸ ಕರೆಂಟ್ ಮೀಟರ್ ಹಾಕಿದರೆ ರೀಡಿಂಗ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಅಲ್ವಾ? ಮಷೀನನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿದಾಗ, ಇಲ್ಲವೇ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸಿದಾಗಲೂ ಹಾಗೇ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆಯೂ ಇದೇ ಆಗಿತ್ತು. ಮೈನಸ್ ಬಂದದ್ದು ಕಣ್ಣಿಗೆ ಬೀಳುತ್ತದೆ. ಸುಮ್ನೆ ಕಡಿಮೆ ಬಂದದ್ದು ಬೀಳುವುದಿಲ್ಲ. ಹಾಗಾಗಿ ಉಳಿದ ಮೂರು ವಿಭಾಗಗಳ ಅಂಕಿಯನ್ನೂ ಈ ತಿಂಗಳು ನಂಬಬೇಡಿ.

ಕ್ರಾನ್ (ಹೇಳಿದ ಹೊತ್ತಿಗೆ ಕಮಾಂಡ್ ತಾನಾಗಿ ಓಡಿಸುವ ಲಿನಕ್ಸ್ ಸೌಲಭ್ಯ) ಹಾಕಿ ಐದು ನಿಮಿಷಕ್ಕೊಮ್ಮೆ ರೀಡಿಂಗ್ ಬರೆದಿಡಿ. ಪ್ರತಿ ಸಲದ ವ್ಯತ್ಯಾಸವನ್ನು ಕೂಡುತ್ತಾ ಹೋಗಿ. ಹೊಸ ರೀಡಿಂಗ್ ಹಳೆಯದಕ್ಕಿಂತ ಕಡಿಮೆ ಇದ್ದರೆ, ಕಳೆಯದೆ ಹೊಸದನ್ನೇ ಪೂರ್ತಿ ಸೇರಿಸಿ. ಮಷೀನನ್ನು ಯುಯುಐಡಿಯಿಂದ (ಪ್ರತಿ ಮಷೀನ್‌ಗೂ ಬೇರೆಬೇರೆ ಇರುವ ಗುರುತಿನ ಸಂಖ್ಯೆ) ಗುರುತಿಸಿ. ಹೆಸರನ್ನು ಜನ ಬದಲಿಸುತ್ತಲೇ ಇರುತ್ತಾರೆ. ಅಂಕಿ ನ್ಯಾನೋಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ) ಬರುತ್ತದೆ. ಅದನ್ನು ಸೆಕೆಂಡಿಗೆ ಇಳಿಸಿದಾಗ 3,600 ಬಂದರೆ ಒಂದು ವಿಸಿಪಿಯು (ಮಷೀನ್‌ಗೆ ಕೊಟ್ಟ ವರ್ಚುವಲ್ ಪ್ರೊಸೆಸರ್) ಒಂದು ಗಂಟೆ ದುಡಿದಿದೆ ಎಂದರ್ಥ. 4 ವಿಸಿಪಿಯು ಮಷೀನ್ 30 ದಿನ ಬಿಡದೆ ದುಡಿದರೂ 2,880 ಗಂಟೆ. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಸ್ಕ್ರಿಪ್ಟ್ ತೆರೆದು ನೋಡಿ.

ಆದರೆ ಸಿಪಿಯು ಒಂದನ್ನೇ ನಂಬಿ ಬಿಲ್ ಮಾಡಬೇಡಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡಿಗೆ ನಿಗದಿತ ಶುಲ್ಕ ಇರುತ್ತದೆ. ಒಂದು ಯುನಿಟ್ ಉರಿಸದಿದ್ದರೂ ಕಟ್ಟಬೇಕು. ರ್‍ಯಾಮ್‌ಗೆ ಅದೇ ದಾರಿ ಸರಿ. 16 ಜಿಬಿ ಕೊಟ್ಟಿದ್ದರೆ 16 ಜಿಬಿಗೇ ಲೆಕ್ಕ. ಖಾಲಿ ರ್‍ಯಾಮನ್ನು ಲಿನಕ್ಸ್, ಓದಿದ ಫೈಲ್‌ಗಳನ್ನು ಬೇಗ ಸಿಗುವಂತೆ ಇಟ್ಟುಕೊಳ್ಳುವ ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ. ಹಾಗಾಗಿ ಹೊರಗಿನಿಂದ ಅಳೆದ ಬಳಕೆಯ ಮೇಲೆ ಜಗಳ ತಪ್ಪದು. ಡಿಸ್ಕಿಗೂ ಕೊಟ್ಟಷ್ಟಕ್ಕೇ ಹಾಕಿ. ವರ್ಚುವಲ್ ಮಷೀನಿನ ಡಿಸ್ಕ್ ಆಗಿರುವ ಕ್ಯೂಕೌ2 ಫೈಲ್ ಬೆಳೆಯುತ್ತದೆ, ಒಳಗೆ ಅಳಿಸಿದ ಮಾತ್ರಕ್ಕೆ ತಾನಾಗಿ ಕುಗ್ಗುವುದಿಲ್ಲ.

ಇನ್ನೊಂದು ಮಾತು. ಮೊದಲ ಎರಡು ತಿಂಗಳು ದುಡ್ಡು ಕೇಳಬೇಡಿ, ಲೆಕ್ಕದ ಚೀಟಿ ಮಾತ್ರ ಕೊಡಿ. ಹಳೆಯ ಪ್ರಾಜೆಕ್ಟಿಗೆಂದು ತೆಗೆದು ಮರೆತ ಮಷೀನ್‌ಗಳು ಆಗಲೇ ಹೊರಬರುತ್ತವೆ. ಅವನ್ನು ಮುಚ್ಚಲು ವಿಭಾಗದವರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಆಮೇಲೆ ದರ ನಿಗದಿ ಮಾಡಿ.