ದಾವಣಗೆರೆಯಲ್ಲಿ ಓದುತ್ತಾ ಚಿಪ್ ತಯಾರಿಕೆ ಕೈಯಾರೆ ಕಲಿಯಲು ಆಗುತ್ತದಾ?

ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಮಾಡುತ್ತಿದ್ದೀರಿ, ಡಿಸೈನ್ ಸಾಫ್ಟ್‌ವೇರ್ ಬರುತ್ತದೆ, ಆದರೆ ಟ್ರಾನ್ಸಿಸ್ಟರ್ ಮಾಡುವುದನ್ನು ಕೈಯಾರೆ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಕಲಿಯಬಹುದು. ನಾನೂ ಇದೇ ಊರಲ್ಲಿ ಓದಿ, ಆಮೇಲೆ ಬೆಂಗಳೂರಿನ ಲ್ಯಾಬಿನಲ್ಲಿ ಕೆಲಸ ಕಲಿತವನು. ಒಂದು ಮಾತು ಹೇಳುತ್ತೇನೆ: ಟ್ರಾನ್ಸಿಸ್ಟರ್‌ಗೆ ಈಗಲೇ ಕೈ ಹಾಕಬೇಡಿ. ಮೊದಲು ಒಂದು ಮಾಸ್ (MOS, ಅಂದರೆ ಲೋಹ-ಆಕ್ಸೈಡ್-ಸೆಮಿಕಂಡಕ್ಟರ್) ಕೆಪಾಸಿಟರ್ ಮಾಡಿ.

ಅದರಲ್ಲಿ ಇರುವುದು ಮೂರೇ ಪದರ: ಸಿಲಿಕಾನ್, ಅದರ ಮೇಲೆ ಆಕ್ಸೈಡ್, ಅದರ ಮೇಲೆ ಅಲ್ಯೂಮಿನಿಯಂ ಚುಕ್ಕೆ. ತೂತು ಕೊರೆದ ತಗಡನ್ನು ಅಡ್ಡ ಇಟ್ಟು ಲೋಹ ಆವಿ ಮಾಡಿದರೆ ಚುಕ್ಕೆ ಬೀಳುತ್ತದೆ, ಲಿತೋಗ್ರಫಿ (ಬೆಳಕಿನಿಂದ ವಿನ್ಯಾಸ ಮೂಡಿಸುವ ವಿಧಾನ) ಬೇಕಿಲ್ಲ. ಆದರೆ ನಿಮ್ಮ ಶುಚಿ, ತಾಳ್ಮೆ ಎಲ್ಲವೂ ಇಲ್ಲಿ ಅಳತೆಗೆ ಸಿಗುತ್ತದೆ.

ಮೊದಲ ಹಂತ ತೊಳೆಯುವುದು. ಅಮೋನಿಯಾ-ಪೆರಾಕ್ಸೈಡ್ ಬಿಸಿ ದ್ರಾವಣ, ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ-ಪೆರಾಕ್ಸೈಡ್. ಇದಕ್ಕೆ ಲ್ಯಾಬಿನಲ್ಲಿ ಆರ್‌ಸಿಎ ಕ್ಲೀನ್ ಅಂತಾರೆ. ಕೊನೆಗೆ ದುರ್ಬಲ ಎಚ್‌ಎಫ್‌ನಲ್ಲಿ (ಹೈಡ್ರೋಫ್ಲೋರಿಕ್ ಆಮ್ಲ) ಅದ್ದಿ ತೆಗೆದಾಗ ವೇಫರ್ (ಸಿಲಿಕಾನ್ ಬಿಲ್ಲೆ) ಮೇಲೆ ನೀರು ನಿಲ್ಲದೆ ಜಾರಬೇಕು. ಜಾರಿದರೆ ಹಳೆಯ ಆಕ್ಸೈಡ್ ಹೋಗಿದೆ ಅಂತ ಅರ್ಥ.

ನಂತರ ಕುಲುಮೆ. 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣ ಆಮ್ಲಜನಕ ಬಿಟ್ಟರೆ 100 ನ್ಯಾನೋಮೀಟರ್ ಆಕ್ಸೈಡ್ ಬೆಳೆಯಲು ಎರಡು-ಮೂರು ಗಂಟೆ ಬೇಕು. ಉಗಿ ಬಿಟ್ಟರೆ ಹತ್ತು ನಿಮಿಷದ ಆಸುಪಾಸು ಸಾಕು. ಆದರೂ ನಾವು ಒಣ ಆಮ್ಲಜನಕವನ್ನೇ ಬಳಸುತ್ತೇವೆ, ಆ ಆಕ್ಸೈಡ್ ಜಾಸ್ತಿ ಗಟ್ಟಿ. ಹೊರಗೆ ತೆಗೆದಾಗ ಬೂದು ವೇಫರ್ ಕಡು ನೇರಳೆ ಆಗಿರುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಪೆಟ್ರೋಲ್ ಬಣ್ಣ ಬಣ್ಣವಾಗಿ ಕಾಣುತ್ತದಲ್ಲ, ಅದೇ ಭೌತಶಾಸ್ತ್ರ. ಇನ್ನು 20 ನ್ಯಾನೋಮೀಟರ್ ದಪ್ಪವಾದರೆ ನೀಲಿಗೆ ತಿರುಗುತ್ತದೆ. ನನಗೆ ಇವತ್ತಿಗೂ ಇದು ತುಂಬಾ ಇಷ್ಟದ ಹಂತ.

ಈಗ ಅಳತೆ. 1 ಮಿಲಿಮೀಟರ್ ವ್ಯಾಸದ ಚುಕ್ಕೆಗೆ ಹೆಚ್ಚೆಂದರೆ ಸುಮಾರು 270 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ಆವೇಶ ಹಿಡಿದಿಡುವ ಸಾಮರ್ಥ್ಯ) ಬರಬೇಕು. ಲೆಕ್ಕ ನೀವೇ ಹಾಕಿ ನೋಡಿ. ಪಿ-ಟೈಪ್ (ಧನ ಆವೇಶದ ವಾಹಕಗಳು ಹೆಚ್ಚಿರುವ) ವೇಫರ್ ಆದರೆ ಚುಕ್ಕೆಗೆ ಮೈನಸ್ ವೋಲ್ಟೇಜ್ ಕೊಟ್ಟಾಗ ಈ ಬೆಲೆ ಸಿಗುತ್ತದೆ, ಪ್ಲಸ್ ಕಡೆ ಹೋದಂತೆ ಇಳಿಯುತ್ತದೆ. ವೋಲ್ಟೇಜ್ ಎದುರು ಕೆಪಾಸಿಟೆನ್ಸ್ ಹಾಕಿದ ಗ್ರಾಫ್ ಇರಬೇಕಾದ ಜಾಗದಿಂದ ಎಡಕ್ಕೆ ಸರಿದಿದ್ದರೆ ಆಕ್ಸೈಡ್‌ನಲ್ಲಿ ಧನ ಆವೇಶ ಕೂತಿದೆ. ಬೆರಳಿನ ಬೆವರಿನ ಸೋಡಿಯಂ ಕೂಡ ಇದಕ್ಕೆ ಕಾರಣ ಆಗಬಹುದು. ಗ್ಲೌಸ್ ಯಾಕೆ ಅಂತ ಆಗ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಎಲ್ಲಿ ಮಾಡೋದು? ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ, ಐಎನ್‌ಯುಪಿ ಅನ್ನುವ ಸರ್ಕಾರಿ ಯೋಜನೆ ಮೂಲಕ. 2008ರಲ್ಲಿ ಐಐಎಸ್‌ಸಿ ಮತ್ತು ಐಐಟಿ ಬಾಂಬೆಯಲ್ಲಿ ಶುರುವಾದದ್ದು, ಹೊರಗಿನ ಕಾಲೇಜಿನವರಿಗಾಗಿಯೇ ಇರುವಂಥದ್ದು. ಚಳ್ಳಕೆರೆ ಹತ್ತಿರದ ಕುದಾಪುರದಲ್ಲೂ ಐಐಎಸ್‌ಸಿ ಕ್ಯಾಂಪಸ್ ಇದೆ, ಆದರೆ ನಾನು ಹೇಳುವ ಕ್ಲೀನ್‌ರೂಂ (ಧೂಳಿಲ್ಲದ ಲ್ಯಾಬ್) ಬೆಂಗಳೂರಿನದು. ನಿಮ್ಮ ಪ್ರಾಧ್ಯಾಪಕರನ್ನು ಜೊತೆಗೆ ಸೇರಿಸಿಕೊಂಡೇ ಅರ್ಜಿ ಹಾಕಿ.

ಎಚ್‌ಎಫ್ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕಾಲೇಜಿನಲ್ಲಾಗಲಿ ಮನೆಯಲ್ಲಾಗಲಿ ಸುಮ್ನೆ ಪ್ರಯತ್ನಿಸಬೇಡಿ. ದುರ್ಬಲ ದ್ರಾವಣ ಚರ್ಮಕ್ಕೆ ತಾಗಿದರೆ ಎಷ್ಟೋ ಗಂಟೆ ನೋವೇ ಗೊತ್ತಾಗದೆ ಇರಬಹುದು. ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದುಕೊಂಡಿರುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಮತ್ತು ತರಬೇತಿ ಪಡೆದವರು ಪಕ್ಕದಲ್ಲಿ ಇಲ್ಲದ ಜಾಗದಲ್ಲಿ ಅದನ್ನು ಮುಟ್ಟಲೇಬಾರದು.

ಊರಲ್ಲೇ ಈ ವಾರ ಮಾಡಬಹುದಾದದ್ದೂ ಇದೆ. ಕಾಲೇಜಿನ ಎಲ್‌ಸಿಆರ್ ಮೀಟರ್ (ಕೆಪಾಸಿಟೆನ್ಸ್ ಅಳೆಯುವ ಉಪಕರಣ) ತಗೊಳ್ಳಿ, ಅದು ಡಿಸಿ ಬಯಾಸ್ (ಅಳೆಯುವಾಗಲೇ ಸ್ಥಿರ ವೋಲ್ಟೇಜ್) ಕೊಡುತ್ತದಾ ನೋಡಿ. ಒಂದು ಮಾಮೂಲಿ ಡಯೋಡ್‌ಗೆ ರಿವರ್ಸ್ ವೋಲ್ಟೇಜ್ ಹೆಚ್ಚಿಸುತ್ತಾ ಕೆಪಾಸಿಟೆನ್ಸ್ ಬರೆದುಕೊಳ್ಳಿ. ಒಂದನ್ನು ಕೆಪಾಸಿಟೆನ್ಸ್‌ನ ವರ್ಗದಿಂದ ಭಾಗಿಸಿ ವೋಲ್ಟೇಜ್ ಎದುರು ಗ್ರಾಫ್ ಹಾಕಿ. ನೇರ ಗೆರೆ ಬಂದರೆ ಜಂಕ್ಷನ್ (ಡಯೋಡ್‌ನೊಳಗೆ ಪಿ ಮತ್ತು ಎನ್ ಭಾಗ ಸೇರುವ ಜಾಗ) ಥಟ್ಟನೆ ಬದಲಾಗುವ ಬಗೆಯದು. ವರ್ಗದ ಬದಲು ಘನ ಹಾಕಿದಾಗ ನೇರವಾದರೆ ನಿಧಾನಕ್ಕೆ ಬದಲಾಗುವ ಬಗೆಯದು. ಒಳಗೆ ಏನಿದೆ ಅಂತ ಡಯೋಡ್ ಒಡೆಯದೆಯೇ ತಿಳಿಯುತ್ತದೆ. ಈ ಗ್ರಾಫನ್ನು ನಿಮ್ಮ ಅರ್ಜಿಯ ಜೊತೆಗೇ ಕಳಿಸಿ.